ಟಿ. ನಗರ: ಕೆರೆ ಅಂಗಳದ ಮೇಲೆ ಎದ್ದ ಬಡಾವಣೆ

ನಮ್ಮ ಕಡೆಯವರು ಚೆನ್ನೈಗೆ ಹೋದ್ರೆ ಟಿ. ನಗರ ನೋಡದೆ ವಾಪಸ್ ಬರೋದು ಕಡಿಮೆ. ಮನೇಲಿ ಮದುವೆ ಗೊತ್ತಾಯ್ತು ಅಂದ್ರೆ ರೇಷ್ಮೆ ಸೀರೆಗೆ ಪನಗಲ್ ಪಾರ್ಕ್, ಪಾತ್ರೆಗೆ ರಂಗನಾಥನ್ ಬೀದಿ. ಆ ನೂಕುನುಗ್ಗಲಲ್ಲಿ ನಿಂತಾಗ ನಮ್ಮ ಕಾಲ ಕೆಳಗಿರೋದು ಕೆರೆ ಅಂಗಳ ಅಂತ ಯಾರಿಗೂ ಹೊಳೆಯಲ್ಲ.

ಹಳೆಯ ಮದ್ರಾಸಿನ ನಕ್ಷೆ ನೋಡಿ. ಊರಿನ ಪಶ್ಚಿಮಕ್ಕೆ, ನುಂಗಂಬಾಕ್ಕಂನಿಂದ ಸೈದಾಪೇಟೆ ಕಡೆಗೆ, ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ನೀರಿನ ಪಟ್ಟಿ ಕಾಣುತ್ತೆ. ಇಂಗ್ಲಿಷರು ಅದನ್ನ ಲಾಂಗ್ ಟ್ಯಾಂಕ್ ಅಂತ ಕರೆದರು. ಒಂದು ಮಗ್ಗುಲಲ್ಲಿ ಮೌಂಟ್ ರೋಡ್, ಇನ್ನೊಂದು ಮಗ್ಗುಲಲ್ಲಿ ಮಾಂಬಲಂ ಹಳ್ಳಿ. ಒಂದು ಮಾತು ಹೇಳಬೇಕು: ತಮಿಳಿನಲ್ಲಿ ಏರಿ ಅಂದ್ರೆ ಕೆರೆ, ನಮ್ಮಲ್ಲಿ ಏರಿ ಅಂದ್ರೆ ಕೆರೆಯ ಕಟ್ಟೆ. ಅವರು ನೀರಿಗೆ ಕೊಟ್ಟ ಹೆಸರನ್ನ ನಾವು ನೀರು ತಡೆಯೋ ಮಣ್ಣಿಗೆ ಕೊಟ್ಟಿದ್ದೀವಿ. ಕೆಲಸ ಮಾತ್ರ ಎರಡೂ ಕಡೆ ಒಂದೇ. ಮಳೆಗಾಲದ ನೀರನ್ನ ಹಿಡಿದಿಟ್ಟು, ಹೆಚ್ಚಾದದ್ದನ್ನ ಹೊಳೆಗೆ ಬಿಡೋದು. ಇಲ್ಲಿ ಆ ಹೊಳೆ ಅಡ್ಯಾರ್.

ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ ಜಾರ್ಜ್ ಟೌನ್, ಟ್ರಿಪ್ಲಿಕೇನ್, ಮೈಲಾಪುರ ಎಲ್ಲ ಕಿಕ್ಕಿರಿದಿದ್ದವು. ಗುಮಾಸ್ತರು, ವಕೀಲರು, ಮೇಷ್ಟ್ರುಗಳಿಗೆ ಮನೆ ಬೇಕು. 1920ರಲ್ಲಿ ಮದ್ರಾಸ್ ನಗರ ಯೋಜನಾ ಕಾಯ್ದೆ ಬಂತು. ಅದೇ ವರ್ಷದ ಚುನಾವಣೆಯಲ್ಲಿ ಜಸ್ಟಿಸ್ ಪಕ್ಷ ಗೆದ್ದಿತು. ಊರಿಗೆ ಅಂಟಿಕೊಂಡೇ ಇಷ್ಟು ದೊಡ್ಡ ಬಯಲು ಬೇರೆಲ್ಲಿ ಸಿಗುತ್ತೆ ಅಂತ ಆಡಳಿತಗಾರರಿಗೆ ಅನ್ನಿಸಿರಬೇಕು. 1923ರಿಂದ ಕೆರೆ ಬತ್ತಿಸೋ ಕೆಲಸ ಶುರುವಾಯ್ತು.

ಬಡಾವಣೆಗೆ ಇಟ್ಟ ಹೆಸರು ತ್ಯಾಗರಾಯ ನಗರ. ಸಂಗೀತದ ತ್ಯಾಗರಾಜರಲ್ಲ! ಜಸ್ಟಿಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ, 1920ರಲ್ಲಿ ಮುಖ್ಯಮಂತ್ರಿ ಪದವಿಯೇ ಬೇಡ ಅಂದ ಪಿಟ್ಟಿ ತ್ಯಾಗರಾಯ ಚೆಟ್ಟಿ. ಅವರು ತೀರಿಕೊಂಡಿದ್ದು 1925ರಲ್ಲಿ. ನಡುವಿನ ಪಾರ್ಕಿಗೆ ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಪನಗಲ್ ರಾಜರ ಹೆಸರು. ಡಾ. ನಾಯರ್ ರಸ್ತೆ, ನಟೇಶನ್ ಬೀದಿ, ಉಸ್ಮಾನ್ ರಸ್ತೆ, ಜಿ.ಎನ್. ಚೆಟ್ಟಿ ರಸ್ತೆ, ಹಬೀಬುಲ್ಲಾ ರಸ್ತೆ: ಆ ಕಾಲದ ರಾಜಕೀಯದ ಹಾಜರಿ ಪುಸ್ತಕ ಬೇಕಾದ್ರೆ ಇಲ್ಲಿನ ಬೋರ್ಡುಗಳನ್ನ ಓದಿದ್ರೆ ಸಾಕು. ಬ್ರಾಹ್ಮಣೇತರ ಚಳವಳಿಯ ನಾಯಕರ ಹೆಸರಿನ ಈ ಬೀದಿಗಳಿಗೆ ಮೈಲಾಪುರ, ಟ್ರಿಪ್ಲಿಕೇನ್‌ನಿಂದ ಎಷ್ಟೋ ಬ್ರಾಹ್ಮಣ ಸಂಸಾರಗಳೂ ಬಂದು ನೆಲೆಸಿದವು. ಮನೆ ಬೇಕಾದವರು ಬೋರ್ಡ್ ನೋಡಿ ಸೈಟು ತಗೊಳ್ಳಲ್ಲ.

ಸೈಟಿನ ಲೆಕ್ಕ ಅಲ್ಲಿ ಗ್ರೌಂಡ್. ಒಂದು ಗ್ರೌಂಡ್ ಅಂದ್ರೆ 2,400 ಚದರಡಿ, ಅಂದ್ರೆ ಸರಿಯಾಗಿ ಬೆಂಗಳೂರಿನ 40x60 ಸೈಟು. ಮುಂದೆ ತೋಟ, ಹಿಂದೆ ತೆಂಗಿನ ಮರ, ಬಾವಿ, ನಡುವೆ ಮನೆ, ಇದು ಹಳೆಯ ಮಾದರಿ. ಮಣ್ಣು ಬಿಟ್ಟಿದ್ದರಿಂದ ಬಿದ್ದ ಮಳೆ ಅಲ್ಲಲ್ಲೇ ಇಂಗುತ್ತಿತ್ತು. ಕನ್ನಡದವರೂ ಇಲ್ಲಿ ಬೇರೂರಿದರು, ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಶಾಲೆ ಇದೆ. ಪಕ್ಕದ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲೇ ಆಗ ಕನ್ನಡ ಸಿನಿಮಾಗಳು ತಯಾರಾಗುತ್ತಿದ್ದುದು. ರಾಜ್‌ಕುಮಾರ್ ಸಂಸಾರವೂ ಮದ್ರಾಸಿನಲ್ಲೇ ಇತ್ತು, ಶಿವರಾಜ್‌ಕುಮಾರ್, ಪುನೀತ್ ಇಬ್ಬರೂ ಹುಟ್ಟಿದ್ದು ಆ ಊರಲ್ಲೇ.

ಆಮೇಲೆ ಬಂಗಲೆ ಹೋಗಿ ಅಪಾರ್ಟ್‌ಮೆಂಟ್ ಬಂತು, ಅಂಗಡಿ ಬಂತು, ತೋಟದ ಜಾಗಕ್ಕೆ ಸಿಮೆಂಟು ಬಂತು. ಕೆರೆಯ ನುಂಗಂಬಾಕ್ಕಂ ಭಾಗದಲ್ಲಿ ಉಳಿದಿದ್ದ ಅಂಗಳವನ್ನೂ ಬಿಡಲಿಲ್ಲ. 1976ರಲ್ಲಿ ತೆರೆದ ವಳ್ಳುವರ್ ಕೋಟ್ಟಂ ನಿಂತಿರೋದು ಅಲ್ಲೇ. ಪಕ್ಕದ ಬಡಾವಣೆಗೆ ಇವತ್ತಿಗೂ ಲೇಕ್ ಏರಿಯಾ ಅಂತಾರೆ, ಲೇಕ್ ಮಾತ್ರ ಕಾಣಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, 1923ರವರನ್ನ ನಾನು ಅಷ್ಟಾಗಿ ಬೈಯಲ್ಲ. ಅವರ ಮುಂದೆ ಮನೆಯಿಲ್ಲದ ಜನ ಇದ್ದರು. ಐವತ್ತು ವರ್ಷ ಮಳೆ ನೋಡಿದ ಮೇಲೂ ಉಳಿದ ಅಂಗಳವನ್ನ ತುಂಬಿಸಿದವರಿಗೆ ಆ ರಿಯಾಯಿತಿ ಕೊಡೋದು ಕಷ್ಟ. ಕೆರೆ ಹೋದರೂ ಅಂಗಳದ ತಗ್ಗು ಹೋಗಲಿಲ್ಲವಲ್ಲ. ಸುತ್ತಲಿನ ಮಳೆನೀರು ಈಗ ಅಡ್ಯಾರ್ ಸೇರಬೇಕಾದ್ರೆ ಕಿರಿದಾದ ಮಾಂಬಲಂ ಕಾಲುವೆಯೇ ಗತಿ. 2015ರಲ್ಲಿ ಟಿ. ನಗರದ ಬೀದಿಗಳಲ್ಲಿ ನೀರು ನಿಂತಿತು. 2021ರ ನವೆಂಬರಿನಲ್ಲಿ ಮತ್ತೆ ನಿಂತಿತು, ದಿನಗಟ್ಟಲೆ. ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಪಾಂಡಿ ಬಜಾರಿಗೆ ಅಗಲವಾದ, ಅಂದವಾದ ಕಾಲುದಾರಿ ಮಾಡಿದ್ದರು. ನೆಲಮಹಡಿಯವರು ಸಾಮಾನನ್ನ ಮಂಚದ ಮೇಲೆ ಏರಿಸಿ ಕೂತರೆ, ಮೇಲಿನ ಮಹಡಿಯವರು ಬಾಲ್ಕನಿಯಿಂದ ನೋಡ್ತಾರೆ.

ಬೆಂಗಳೂರಿನವರು ನಗೋ ಹಾಗಿಲ್ಲ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಸಂಪಂಗಿ ಕೆರೆ ಕಥೆಯನ್ನ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.