ಸೌಂಡ್: ಒಂದು ಕಾಗುಣಿತ, ನಾಲ್ಕು ಪದ

ಸಿಯಾಟಲ್‌ನಿಂದ ಬೇನ್‌ಬ್ರಿಜ್ ದ್ವೀಪಕ್ಕೆ ಫೆರಿಯಲ್ಲಿ 35 ನಿಮಿಷದ ದಾರಿ. ಮಗನ ಮನೆಗೋ ಮಗಳ ಮನೆಗೋ ಊರಿಂದ ಬಂದ ಹಿರಿಯರನ್ನು ಇಲ್ಲಿನ ಕನ್ನಡಿಗರು ಈ ಫೆರಿ ಹತ್ತಿಸದೆ ಕಳಿಸುವುದು ಕಡಿಮೆ. ನೀರು ಕೆರೆಯಂತೆ ತೆಪ್ಪಗಿರುತ್ತದೆ, ಹೆಸರು ಮಾತ್ರ ‘ಪ್ಯೂಜೆಟ್ ಸೌಂಡ್’. ಸದ್ದೇ ಇಲ್ಲದ ನೀರಿಗೆ ಸೌಂಡ್ ಅಂತ ಯಾಕೆ ಹೆಸರಿಟ್ಟರಪ್ಪಾ ಎಂದು ಹಿರಿಯರು ಕೇಳಿದರೆ, ಇಲ್ಲೇ ಇಪ್ಪತ್ತು ವರ್ಷ ಇದ್ದವರೂ ತಡವರಿಸುತ್ತಾರೆ.

ಈ ಸೌಂಡಿಗೂ ಸದ್ದಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿಯೂ ಹಳೆಯ ನಾರ್ಸ್‌ನಲ್ಲಿಯೂ ‘ಸುಂಡ್’ ಎಂಬ ಪದವಿತ್ತು. ಅದಕ್ಕೆ ಈಜು ಎಂಬ ಅರ್ಥವೂ ಇತ್ತು, ಎರಡು ನೆಲಗಳ ನಡುವಿನ ಕಿರಿದಾದ ಕಡಲು ಎಂಬ ಅರ್ಥವೂ ಇತ್ತು. ಈಜಿ ದಾಟಬಹುದಾದಷ್ಟು ನೀರು ಎಂಬ ಎಣಿಕೆ ಅದರ ಹಿಂದಿದೆ. ಡೆನ್ಮಾರ್ಕ್-ಸ್ವೀಡನ್ ನಡುವಿನ ಓರೆಸುಂಡ್ ಹೆಸರಿನಲ್ಲಿರುವುದೂ ಇದೇ ಪದ. 1792ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಜಾರ್ಜ್ ವ್ಯಾಂಕೂವರ್ ತನ್ನ ‘ಡಿಸ್ಕವರಿ’ ಹಡಗನ್ನು ಬೇನ್‌ಬ್ರಿಜ್‌ನ ತೆಂಕಣ ತುದಿಯ ಬಳಿ ಲಂಗರು ಹಾಕಿಸಿ, ಲೆಫ್ಟಿನೆಂಟ್ ಪೀಟರ್ ಪ್ಯೂಜೆಟ್‌ನನ್ನು ದೋಣಿಗಳಲ್ಲಿ ದಕ್ಷಿಣಕ್ಕೆ ಕಳಿಸಿದ. ಅವನು ಸುತ್ತಿಬಂದ ನೀರಿಗೆ ಅವನದೇ ಹೆಸರು ಬಿತ್ತು. ಹಾಗಂತ ಅದು ಹೆಸರಿಲ್ಲದೆ ಬಿದ್ದಿದ್ದ ನೀರೇನಲ್ಲ. ದಡದ ಲಶೂಟ್‌ಸೀಡ್ ಭಾಷಿಕರು ಅದನ್ನು ತಮ್ಮ ನುಡಿಯಲ್ಲಿ ಉಪ್ಪುನೀರು ಎಂದೇ ಕರೆಯುತ್ತಿದ್ದರು. ಇಂಗ್ಲಿಷರ ಕಿವಿಗೆ ಅದು ‘ವಲ್ಜ್’ ಎಂದು ಕೇಳಿತು.

ಸದ್ದಿನ ಸೌಂಡ್ ಲ್ಯಾಟಿನ್ನಿನ ‘ಸೋನುಸ್’ನಿಂದ ಫ್ರೆಂಚ್ ಮೂಲಕ ಬಂದದ್ದು. ಸಂಸ್ಕೃತದ ‘ಸ್ವನ’ ಅದಕ್ಕೆ ದಾಯಾದಿ. ನಮ್ಮ ಭಾಷಾವಿಜ್ಞಾನದ ಪುಸ್ತಕಗಳ ‘ಸ್ವನಿಮಾ’ ಇದೇ ಮನೆತನದ್ದು. ಇಂಗ್ಲಿಷಿಗೆ ಬಂದಾಗ ಈ ಪದದ ಕೊನೆಗೆ ‘ಡ್’ ಇರಲಿಲ್ಲ, ‘ಸೂನ್’ ಎಂದಷ್ಟೇ ಇತ್ತು. ಹದಿನೈದನೇ ಶತಮಾನದ ಹೊತ್ತಿಗೆ ‘ನ್’ ಹಿಂದೆ ಒಂದು ‘ಡ್’ ಸುಮ್ಮನೆ ಬಂದು ಅಂಟಿಕೊಂಡಿತು. ಆ ಒಂದು ಅಂಟಿನಿಂದ ಸದ್ದಿನ ಪದ ಕಡಲಿನ ಪದದ ಪಡಿಯಚ್ಚಾಯಿತು.

ಇಂಥದ್ದು ನಮಗೆ ಹೊಸತಲ್ಲ. ಹಸುವನ್ನು ಕರೆಯುವುದು, ಮಗುವನ್ನು ಕರೆಯುವುದು ಎರಡೂ ಇಂದು ಒಂದೇ ಅಕ್ಷರ, ಒಂದೇ ಉಚ್ಚಾರ. ಹಳಗನ್ನಡದಲ್ಲಿ ಹಾಲು ‘ಕಱೆ’ಯುತ್ತಿದ್ದರು, ಕೂಗಿ ‘ಕರೆ’ಯುತ್ತಿದ್ದರು. ಶಕಟರೇಫ ಎಂಬ ಈ ‘ಱ’ ಬಿದ್ದುಹೋದ ಮೇಲೆ ಎರಡು ಪದ ಒಂದಾದವು. ಇಂಗ್ಲಿಷಿನಲ್ಲಿ ಒಂದು ವ್ಯಂಜನ ಬಂದು ಮಾಡಿದ ಕೆಲಸವನ್ನು ಇಲ್ಲಿ ಒಂದು ವ್ಯಂಜನ ಹೋಗಿ ಮಾಡಿತು. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಳಕಾರದ ಬಗೆಗಳನ್ನೂ ರೞ, ಕುಳ, ಕ್ಷಳ ಎಂದು ಬಿಡಿಸಿ ಹೇಳಲು ಅಷ್ಟು ಪಾಡು ಪಟ್ಟದ್ದು, ಆಡುಮಾತಿನಲ್ಲಿ ಆ ವ್ಯತ್ಯಾಸಗಳು ಆಗಲೇ ಸಡಿಲವಾಗಿದ್ದವೆಂಬುದಕ್ಕೆ ಸಾಕ್ಷಿಯೆಂದೇ ನಾನು ಓದುತ್ತೇನೆ.

ಇನ್ನೊಂದು ಸೌಂಡ್ ಗಟ್ಟಿಮುಟ್ಟು, ಆರೋಗ್ಯ ಎಂಬ ಅರ್ಥದ್ದು. ಹಳೆಯ ಇಂಗ್ಲಿಷಿನ ‘ಗೆಸುಂಡ್’ ಅದರ ಮೂಲ. ನಮ್ಮಲ್ಲಿ ಮಗು ಸೀನಿದರೆ ಅಜ್ಜಿ ‘ಚಿರಂಜೀವಿ’ ಅನ್ನುವ ಹಾಗೆ ಜರ್ಮನರು ‘ಗೆಜುಂಡ್‌ಹೈಟ್’ ಅನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ಬೆಂಗಳೂರಿನ ದಲ್ಲಾಳಿ ‘ಒಳ್ಳೆ ಸೌಂಡ್ ಪಾರ್ಟಿ ಸಾರ್’ ಎಂದಾಗ ಅವನ ಬಾಯಲ್ಲಿರುವುದು ಈ ಸೌಂಡು. ‘ಜಾಸ್ತಿ ಸೌಂಡ್ ಮಾಡ್ಬೇಡ’ ಎಂದು ಗದರಿದಾಗ ಲ್ಯಾಟಿನ್ನಿನದು. ಕನ್ನಡ ಒಂದೇ ಪದವನ್ನು ಎರವಲು ತಂದೆನೆಂದುಕೊಂಡು ಎರಡನ್ನು ತಂದಿದೆ. ದುಡ್ಡಿದ್ದವರ ಮಾತಿಗೆ ಸದ್ದು ಹೆಚ್ಚು ಎಂಬ ನಮ್ಮ ತಿಳಿವಳಿಕೆಯೂ ಈ ಬೆಸುಗೆಗೆ ನೆರವಾಗಿರಬಹುದು. ಇದು ನನ್ನ ಊಹೆ ಅಷ್ಟೆ.

ಕೊನೆಯದು ಆಳ ನೋಡುವುದು, ಫ್ರೆಂಚಿನ ‘ಸೋಂದೆ’ಯಿಂದ ಬಂದ ಕ್ರಿಯಾಪದ. ಇದರ ಬೇರು ಕಡಲಿನ ಸುಂಡ್‌ನಲ್ಲೇ ಇದೆಯೋ ಇಲ್ಲವೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ವ್ಯಾಂಕೂವರನ ಕಾಲದ ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡುತ್ತಿದ್ದರು. ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿರುತ್ತಿದ್ದರು. ಮೇಲೆಳೆದಾಗ ಅದಕ್ಕೆ ಅಂಟಿದ್ದು ಮರಳೋ ಕೆಸರೋ ನೋಡಿ ಲಂಗರು ಹಿಡಿಯುತ್ತದೆಯೇ ಎಂದು ತಿಳಿಯುತ್ತಿದ್ದರು. ಅಳತೆ ‘ಫ್ಯಾದಮ್’, ಅಂದರೆ ಚಾಚಿದ ಎರಡು ತೋಳಿನ ಅಗಲ, ಆರು ಅಡಿ. ಹೂವಾಡಗಿತ್ತಿ ಮಲ್ಲಿಗೆ ಅಳೆಯುವ ನಮ್ಮ ‘ಮಾರು’ ಕೂಡ ಅದೇ ತೋಳು. ಆ ಲೆಕ್ಕದಲ್ಲಿ ಪ್ಯೂಜೆಟ್ ಸೌಂಡ್‌ನ ಅತಿ ಆಳದ ಜಾಗ ಸುಮಾರು 150 ಮಾರು.

ಈ ಪದಗಳು ಒಂದರ ಮೇಲೊಂದು ಬೀಳುವುದನ್ನು ನೋಡಬೇಕಾದರೆ ಸಿಯಾಟಲ್‌ನ ಸ್ಯಾಂಡ್ ಪಾಯಿಂಟ್‌ಗೆ ಹೋಗಬೇಕು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ಆವರಣದಲ್ಲಿ, ಲೇಕ್ ವಾಷಿಂಗ್ಟನ್ ದಡದಲ್ಲಿ, ಡಗ್ಲಸ್ ಹಾಲಿಸ್ ನಿಲ್ಲಿಸಿದ 12 ಉಕ್ಕಿನ ಕಂಬಗಳಿವೆ. ತುದಿಯ ಕೊಳವೆಗಳಲ್ಲಿ ಗಾಳಿ ಹೊಕ್ಕರೆ ಕೊಳಲಿನಂತೆ ಊಳಿಡುತ್ತವೆ. ಈ ಕಲಾಕೃತಿಯ ಹೆಸರು ‘ಎ ಸೌಂಡ್ ಗಾರ್ಡನ್’. 1984ರಲ್ಲಿ ಹುಟ್ಟಿದ ರಾಕ್ ತಂಡ ಸೌಂಡ್‌ಗಾರ್ಡನ್ ತನ್ನ ಹೆಸರನ್ನು ಇಲ್ಲಿಂದಲೇ ಎತ್ತಿಕೊಂಡಿತು. ಅದೇ ಆವರಣದಲ್ಲಿ ಕಡಲಿನ ನಕ್ಷೆಗಳಿಗಾಗಿ ಆಳದ ಅಳತೆಗಳನ್ನು ಪರಿಷ್ಕರಿಸುವ ಕಚೇರಿಯೂ ಇದೆ. ಆಳದ ಅಂಕಿಗಳಿಗೆ ಅಲ್ಲಿನ ಹೆಸರು ‘ಸೌಂಡಿಂಗ್’. ಈಗ ಹಗ್ಗವಿಲ್ಲ. ನೀರೊಳಗೆ ಸದ್ದು ಬಿಟ್ಟು, ಅದರ ಮಾರ್ದನಿ ಮರಳುವ ಹೊತ್ತು ಎಣಿಸಿ ಆಳ ತಿಳಿಯುತ್ತಾರೆ. ಉಪಕರಣದ ಹೆಸರು ‘ಎಕೋ ಸೌಂಡರ್’. ಸದ್ದಿನಿಂದ ಅಳೆಯುವುದಕ್ಕೇ ಆ ಹೆಸರು ಬಂತೆಂದು ಬಹುತೇಕರು ನಂಬಿದ್ದಾರೆ. ಅದು ಸೀಸದ ಗುಂಡಿನ ಕಾಲದಿಂದ ಬಂದ ಹೆಸರು.

ಸಿಯಾಟಲ್‌ನ ನಿತ್ಯದ ಬದುಕಿನಲ್ಲಿ ಗೆದ್ದಿರುವುದು ಕಡಲಿನ ಅರ್ಥವೇ. ‘ಸೌಂಡರ್’ ರೈಲು 2000ದಲ್ಲಿ ಹಳಿಗಿಳಿಯಿತು. ರೆಡ್ಮಂಡಿನ ಸಾಫ್ಟ್‌ವೇರ್ ಕಚೇರಿಗಳ ಬಾಗಿಲಿಗೆ 2024ರಲ್ಲಿ ಬಂದ ಲೈಟ್ ರೈಲು ‘ಸೌಂಡ್ ಟ್ರಾನ್ಸಿಟ್’ನದು. ಅದರಲ್ಲಿ ಕೂತು ಕನ್ನಡದಲ್ಲಿ ಜೋರಾಗಿ ಹರಟುವವರಿಗೆ ಈ ಹೆಸರು ಹೊಂದುತ್ತದೆಂಬ ತಮಾಷೆ ಬೇರೆ.

ನಿಘಂಟು ಕಟ್ಟುವವರಲ್ಲಿ ಒಂದು ವಿನಂತಿ. ಕಿಟೆಲ್ 1894ರ ಕೋಶದಲ್ಲಿ ಸಮರೂಪಿ ಪದಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ಬಿಡಿಸಿಟ್ಟಿದ್ದ. ಎರವಲು ಪದಗಳಿಗೂ ಆ ಮರ್ಯಾದೆ ಸಲ್ಲಲಿ. ‘ಸೌಂಡ್’ಗೆ ಎರಡು ನಮೂದು ಬೇಕು: ಸದ್ದಿನದೊಂದು, ದುಡ್ಡಿನದೊಂದು.