ರುಜುವಾತಿನ ಹೊಣೆ ಯಾರ ಮೇಲೆ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮತದ ಹಕ್ಕು, 1870–2014

ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಯಾರ ಮತದ ಹಕ್ಕನ್ನೂ ನಿರಾಕರಿಸುವಂತಿಲ್ಲ ಎಂದು ಅಮೆರಿಕ ಸಂವಿಧಾನದ ಹದಿನೈದನೆಯ ತಿದ್ದುಪಡಿ 1870ರಲ್ಲೇ ಸಾರಿತು. ಲೂಯಿಸಿಯಾನದ ಮತದಾರರ ಪಟ್ಟಿಯಲ್ಲಿ 1896ರಲ್ಲಿ 1,30,334 ಮಂದಿ ಕಪ್ಪು ಜನರಿದ್ದರು; 1904ರಲ್ಲಿ ಉಳಿದವರು 1,342. ಈ ನಡುವೆ ತಿದ್ದುಪಡಿಯ ಒಂದಕ್ಷರವೂ ಬದಲಾಗಿರಲಿಲ್ಲ. ಹಕ್ಕು ಕಸಿಯಲು ಜನಾಂಗದ ಹೆಸರೆತ್ತುವ ಅಗತ್ಯವೇ ಬೀಳಲಿಲ್ಲ, ಅರ್ಹತೆಯ ರುಜುವಾತನ್ನು ಮತದಾರನ ತಲೆಗೆ ಕಟ್ಟಿದ್ದೇ ಸಾಕಾಯಿತು ಎಂಬುದು ಈ ಲೇಖನದ ವಾದ.

ಇದಕ್ಕೆ ಮೇಲ್ಪಂಕ್ತಿ ಹಾಕಿದ್ದು 1890ರ ಮಿಸಿಸಿಪಿ ಸಂವಿಧಾನ. ತಲೆಗಂದಾಯ ಕಟ್ಟಬೇಕು, ಸಂವಿಧಾನದ ಕಲಮನ್ನು ಓದಬೇಕು ಇಲ್ಲವೇ ಓದಿಸಿ ಕೇಳಿ ಅರ್ಥ ಹೇಳಬೇಕು. ಹೇಳಿದ ಅರ್ಥ ಸರಿಯೇ ಎಂಬುದು ನೋಂದಣಾಧಿಕಾರಿಯ ಮರ್ಜಿ. ವಿಲಿಯಮ್ಸ್ ಪ್ರಕರಣದಲ್ಲಿ (1898) ಸುಪ್ರೀಂ ಕೋರ್ಟ್ ಈ ಪಠ್ಯದಲ್ಲಿ ತಾರತಮ್ಯ ಕಾಣಲಿಲ್ಲ. ಅಲಬಾಮದ ಜೈಲ್ಸ್ ಪ್ರಕರಣದಲ್ಲಿ (1903) ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಇನ್ನೂ ನಿಷ್ಠುರ: ಇಡೀ ನೋಂದಣಿಯೇ ಮೋಸವೆಂದಾದರೆ ಆ ಮೋಸದ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿ ಪ್ರಯೋಜನವೇನು, ಪರಿಹಾರವನ್ನು ರಾಜಕೀಯ ವ್ಯವಸ್ಥೆಯಲ್ಲೇ ಹುಡುಕಿಕೊಳ್ಳಲಿ ಎಂದಿತು. ಮತವೇ ಇಲ್ಲದವರಿಗೆ ರಾಜಕೀಯದ ದಾರಿ ತೋರಿಸಿದ ಈ ತೀರ್ಪನ್ನು ಆ ನ್ಯಾಯಾಲಯದ ಅತಿ ದೊಡ್ಡ ಲೋಪಗಳಲ್ಲೊಂದು ಎಂದೇ ನಾನು ಭಾವಿಸುತ್ತೇನೆ.

1962ರ ಆಗಸ್ಟ್ 31ರಂದು ಮಿಸಿಸಿಪಿಯ ಇಂಡಿಯನೋಲ ಊರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಸ್ಸಿನಲ್ಲಿ ಬಂದವರಲ್ಲಿ ಫ್ಯಾನಿ ಲೂ ಹೇಮರ್ ಒಬ್ಬರು. ವಯಸ್ಸು 44, ಹದಿನೆಂಟು ವರ್ಷದಿಂದ ಒಂದೇ ಹತ್ತಿ ತೋಟದಲ್ಲಿ ದುಡಿಮೆ. ಅಧಿಕಾರಿ ಅವರ ಮುಂದಿಟ್ಟದ್ದು ರಾಜ್ಯ ಸಂವಿಧಾನದ ಹದಿನಾರನೆಯ ಕಲಮು: ಪೂರ್ವಾನ್ವಯವಾಗುವ ದಂಡನಾ ಕಾನೂನನ್ನು ನಿಷೇಧಿಸುವ ಒಂದೇ ವಾಕ್ಯ. ನಕಲು ಮಾಡುವುದೇನೋ ಆಯಿತು. ಅರ್ಥ ಬರೆಯುವಲ್ಲಿ ಅನುತ್ತೀರ್ಣರಾದರು. ಅರ್ಜಿ ಹಾಕಿದ ತಪ್ಪಿಗೆ ಅಂದು ರಾತ್ರಿಯೇ ತೋಟದ ಮನೆ ಬಿಡಬೇಕಾಯಿತು. 1963ರಲ್ಲಿ ಪರೀಕ್ಷೆ ಪಾಸಾದ ಮೇಲೂ ತಲೆಗಂದಾಯದ ರಸೀತಿಗಳಿಲ್ಲವೆಂದು ಮತಗಟ್ಟೆಯಿಂದ ಹಿಂದೆ ಕಳಿಸಿದರು.

ಅಲಬಾಮದ ಸೆಲ್ಮಾದಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಥಳಿಸಿ ಸೇತುವೆಯ ಮೇಲೆ ರಕ್ತ ಹರಿದ ಮೇಲೆ, 1965ರ ಆಗಸ್ಟ್ 6ರಂದು ಜಾರಿಯಾದ ಮತದಾನ ಹಕ್ಕುಗಳ ಕಾಯಿದೆ ತಕ್ಕಡಿಯನ್ನೇ ತಿರುಗಿಸಿತು. ಐದನೆಯ ಕಲಮಿನ ಪ್ರಕಾರ, ತಾರತಮ್ಯದ ಚರಿತ್ರೆಯುಳ್ಳ ಪ್ರದೇಶಗಳು ಚುನಾವಣಾ ನಿಯಮವನ್ನು ಬದಲಿಸಬೇಕಾದರೆ ಅದರಿಂದ ಯಾರಿಗೂ ಅನ್ಯಾಯವಾಗದೆಂದು ತಾವೇ ರುಜುವಾತುಪಡಿಸಿ ಪೂರ್ವಾನುಮತಿ ಪಡೆಯಬೇಕಿತ್ತು. ಅದೇ ಕಾಯಿದೆಯಡಿ ಸಾಕ್ಷರತಾ ಪರೀಕ್ಷೆಗಳು ನಿಂತವು, ಕೇಂದ್ರದ ನೋಂದಣಿ ಪರೀಕ್ಷಕರು ಬಂದರು. ಮಿಸಿಸಿಪಿಯ ಕಪ್ಪು ಜನರ ನೋಂದಣಿ ಶೇ. 6.7ರಿಂದ 1967ರ ಹೊತ್ತಿಗೆ ಶೇ. 59.8ಕ್ಕೇರಿತು.

ಶೆಲ್ಬಿ ಕೌಂಟಿ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಪೂರ್ವಾನುಮತಿ ಪಡೆಯಬೇಕಾದ ಪ್ರದೇಶಗಳನ್ನು ಗುರುತಿಸುವ ಸೂತ್ರವನ್ನು ರದ್ದುಮಾಡಿತು. ಐದನೆಯ ಕಲಮು ಪುಸ್ತಕದಲ್ಲಿ ಉಳಿಯಿತು, ಅನ್ವಯಿಸಲು ಪ್ರದೇಶಗಳಿರಲಿಲ್ಲ. ಪೂರ್ವಾನುಮತಿ ಸಿಗದೆ ತಡೆಹಿಡಿದಿದ್ದ ಗುರುತಿನ ಚೀಟಿ ಕಾನೂನನ್ನು ಜಾರಿಗೊಳಿಸುವುದಾಗಿ ಟೆಕ್ಸಾಸ್ ಅಂದೇ ಘೋಷಿಸಿತು. ಈಗ ದಾವೆ ಹೂಡಿ ತಾರತಮ್ಯವನ್ನು ತೋರಿಸಿಕೊಡುವ ಹೊಣೆ ಅದನ್ನು ಅನುಭವಿಸುವವರದು. ಟೆಕ್ಸಾಸಿನ ಆ ಕಾನೂನು ತಾರತಮ್ಯದ್ದೇ ಎಂದು ವಿಚಾರಣಾ ನ್ಯಾಯಾಲಯ 2014ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಮೇಲಿನ ನ್ಯಾಯಾಲಯಗಳು ಆ ತೀರ್ಪಿಗೆ ತಡೆ ನೀಡಿದ್ದರಿಂದ ನವೆಂಬರಿನ ಚುನಾವಣೆ ಅದೇ ಕಾನೂನಿನಡಿ ನಡೆದುಹೋಯಿತು.