ಬಾಂಡ್ಲಿಯಿಂದ ಕರಣೆಗೆ

ಗೂಡಲೂರಿನಲ್ಲಿ ಹೊಸ ಕಟ್ಟಡ ಏಳುತ್ತಿರುವ ಕಡೆ ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಎಂದು ಗಮನಿಸಿದರೆ ನೀಲಗಿರಿಯ ಶಿಕ್ಷಣದ ಅರ್ಧ ಚರಿತ್ರೆ ತಿಳಿದೀತು. ಕರಣೆ ಹಿಡಿದವನು ಸಾಮಾನ್ಯವಾಗಿ ಬಯಲುಸೀಮೆಯವನು, ಇಲ್ಲವೇ ಕೇರಳದವನು. ಈಚೆಗೆ ಬಂಗಾಳ, ಜಾರ್ಖಂಡ್ ಕಡೆಯವನು. ಬಾಂಡ್ಲಿ ಹೊರುವವರಲ್ಲಿ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕ ಆದಿವಾಸಿ ಹುಡುಗರು ಸಿಗುತ್ತಾರೆ. ಅವರು ಏಳನೆಯದೋ ಒಂಬತ್ತನೆಯದೋ ಓದಿ ಬಿಟ್ಟವರು. ಶಾಲೆ ಬಿಟ್ಟದ್ದಕ್ಕೆ ಸೋಮಾರಿತನ ಕಾರಣ ಎನ್ನುವವರು ಆ ದಾರಿಯಲ್ಲಿ ನಡೆದವರಲ್ಲ. ಆನೆ ಓಡಾಡುವ ಕಾಡುಹಾದಿ, ಮನೆಯಲ್ಲಿ ಒಂದು ಮಾತು, ತರಗತಿಯಲ್ಲಿ ತಮಿಳು, ಎಳೆಯ ವಯಸ್ಸಿಗೇ ವಸತಿಶಾಲೆ, ಎಲ್ಲ ಸೇರಿ ಮಗು ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದು ಒಂದು ದಿನ ಬರುವುದನ್ನೇ ನಿಲ್ಲಿಸುತ್ತದೆ. ಬಾಂಡ್ಲಿ ಹೊತ್ತ ಆ ಹುಡುಗನ ಕೈಗೆ ಕರಣೆ ಕೊಡುವ ಪ್ರಯತ್ನಗಳು ಈ ಜಿಲ್ಲೆಯಲ್ಲಿ ಹೇಗೆ ನಡೆದವು, ಎಲ್ಲಿ ನಿಂತವು?

ಮನೆ ಕಟ್ಟುವುದು ಇಲ್ಲಿಯವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ತೆವಳಿಕೊಂಡೇ ಒಳಹೋಗಬೇಕಾದ ತೋಡರ ಕಮಾನು ಗುಡಿಸಲು ಬಿದಿರು, ಬೆತ್ತ, ಹುಲ್ಲಿನಿಂದ ಎದ್ದದ್ದು. ಕೋತರು ಕಮ್ಮಾರಿಕೆ, ಬಡಗಿತನ, ಕುಂಬಾರಿಕೆ ಮೂರನ್ನೂ ಬಲ್ಲವರು. ಬಡಗರ ಹಟ್ಟಿಗಳಿಗೆ ಬೇಕಾದ ಹತಾರು ಅವರ ಕುಲುಮೆಯಿಂದ ಬರುತ್ತಿತ್ತು. ಕಲಿಕೆಗೆಂದು ಬೇರೆ ಜಾಗ, ಬೇರೆ ಹೊತ್ತು ಇರಲಿಲ್ಲ. ಇಂಗ್ಲಿಷ್ ಅಧಿಕಾರಿ ಜಾನ್ ಸಲಿವನ್ 1822ರಲ್ಲಿ ಊಟಿಯಲ್ಲಿ ಕಟ್ಟಲು ತೊಡಗಿದ, ಜನ ಕಲ್ಲು ಬಂಗಲೆ ಎಂದು ಕರೆದ ಮನೆಯಿಂದ ಮುಂದಕ್ಕೆ ಕಟ್ಟಡವೆಂದರೆ ಕಲ್ಲು ಗಾರೆ ಎಂದಾಯಿತು. ಬಿದಿರು ಬಲ್ಲ ಕೈಗಳು ಆ ಕೆಲಸದಲ್ಲಿ ಕೂಲಿಗಳಾದವು.

ಇಲ್ಲಿ ಕನ್ನಡದ ಒಂದು ಎಳೆಯೂ ಇದೆ. ಜಾರ್ಜ್ ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಆಸರೆಯಲ್ಲಿ ಬಾಸೆಲ್ ಮಿಷನ್ 1846ರಲ್ಲಿ ನೀಲಗಿರಿಯ ಕೇತಿಗೆ ಬಂತು. ಬಡಗ ಮಕ್ಕಳಿಗೆ ಅದು ಕನ್ನಡದಲ್ಲಿ ಪಾಠ ಹೇಳಿತು. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು, ಕಸುಬು ಕಲಿತವರಿಗೆ ಅಲ್ಲೇ ಕೆಲಸ ಕೊಟ್ಟಿತು. ಕೇತಿಗೆ ಅಕ್ಷರ ಬಂತು, ಮಂಗಳೂರಿಗೆ ಕಾರ್ಖಾನೆ. ಎರಡೂ ಒಂದೇ ಕಡೆ ಕೂಡಿದ್ದರೆ ಬೆಟ್ಟದ ಕಥೆ ಬೇರೆಯಾಗುತ್ತಿತ್ತೇನೋ.

ಇಪ್ಪತ್ತನೆಯ ಶತಮಾನದಲ್ಲಿ ಕಲಿಸಿದ್ದು ಜಲವಿದ್ಯುತ್ ಅಣೆಕಟ್ಟುಗಳು. 1932ರಲ್ಲಿ ಪೈಕಾರ, 1952ರಲ್ಲಿ ಮೋಯಾರ್, ಆಮೇಲೆ ಕೆನಡಾದ ನೆರವಿನ ಕುಂದಾ ಯೋಜನೆ. ಮಸಿನಗುಡಿ, ಸಿಂಗಾರದ ಸುತ್ತ ಕೆಲಸಗಾರರ ಬೀಡುಗಳು ಬೆಳೆದವು. ಇಂಥ ಕಾಮಗಾರಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದವನಿಗೂ ಕಾಂಕ್ರೀಟಿನ ಹದ, ಕಂಬಿ ಬಗ್ಗಿಸುವ ಲೆಕ್ಕ ಮೈಗೂಡುತ್ತದೆ. ಆದರೆ ಅದಕ್ಕೆ ಕಾಗದ ಇರುವುದಿಲ್ಲ. ಬೇರೆ ಊರಿನ ಮೇಸ್ತ್ರಿಗೆ ಅವನು ಮತ್ತೆ ಹೊಸಬನೇ.

ಕಾಗದ ಕೊಡುವ ವ್ಯವಸ್ಥೆ ಸ್ವಾತಂತ್ರ್ಯಾನಂತರದ್ದು. 1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ದೇಶದಲ್ಲಿ ಐಟಿಐಗಳು ಬಂದವು, 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. ಈ ಜಿಲ್ಲೆಯಲ್ಲಿ ಕೂನೂರು, ಗೂಡಲೂರುಗಳಲ್ಲಿ ಸರ್ಕಾರಿ ಐಟಿಐಗಳಿವೆ. ಆದರೆ ಗಾರೆ ಕೆಲಸದ ಟ್ರೇಡಿಗೂ ಎಂಟನೇ ತರಗತಿ ಪಾಸಾಗಿರಬೇಕು. ಆರನೆಯದರಲ್ಲೇ ಬಿಟ್ಟವನಿಗೆ ಅಲ್ಲಿ ಬಾಗಿಲಿಲ್ಲ. ಶಾಲೆ ಬಿಟ್ಟವರಿಗೆ ಆಸರೆಯಾಗಬೇಕಾದ ಜಾಗವೇ ಶಾಲೆ ಮುಗಿಸಿ ಬಾ ಎನ್ನುತ್ತದೆ.

ಗೂಡಲೂರಿನಲ್ಲಿ ಬೇರೊಂದು ದಾರಿ ತೆರೆದದ್ದು 1980ರ ದಶಕದಲ್ಲಿ, ಅದೂ ಕಟ್ಟಡ ಕೆಲಸದಲ್ಲಲ್ಲ. ಅಕಾರ್ಡ್ ಸಂಸ್ಥೆ ಮತ್ತು ಆದಿವಾಸಿ ಮುನ್ನೇಟ್ರ ಸಂಗಮದ ಜನ 1988ರ ಡಿಸೆಂಬರಿನಲ್ಲಿ ಭೂಮಿ ಹಕ್ಕಿಗಾಗಿ ಪೇಟೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ನಡೆಸಿದರು. 1990ರಲ್ಲಿ ಅವರದೇ ಆದಿವಾಸಿ ಆಸ್ಪತ್ರೆ ಬಂತು. ಹೆಚ್ಚು ಓದದ ಆದಿವಾಸಿ ಹುಡುಗಿಯರನ್ನು ಕರೆತಂದು, ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿ ಶುಶ್ರೂಷೆ ಕಲಿಸಿದರು. ಕಲಿತವರಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ, ತಮ್ಮ ಭಾಷೆಯ ರೋಗಿಗಳು. ಕಾಡುಹಾಡಿಯಲ್ಲಿ ಪಾಠ ನಿಲ್ಲಿಸಿದ ಹುಡುಗಿ ಇಂಜೆಕ್ಷನ್ ಕೊಡಬಲ್ಲಳು, ಹೆರಿಗೆಗೆ ನೆರವಾಗಬಲ್ಲಳು ಎಂದು ಅಲ್ಲಿ ರುಜುವಾಯಿತು. ರಾಮದಾಸ್ ಮತ್ತು ರಮಾ ಎಂಬವರು ಕಟ್ಟಿದ ವಿದ್ಯೋದಯ ಶಾಲೆ ಇದೇ ನಂಬಿಕೆಯನ್ನು ಚಿಕ್ಕ ಮಕ್ಕಳ ತರಗತಿಗೆ ತಂದಿತು. ಕಲಿಯುವ ಜಾಗವೂ ದುಡಿಯುವ ಜಾಗವೂ ಒಂದೇ ಆಗಿರಬೇಕು, ಎರಡೂ ಸಮುದಾಯದ ಕೈಯಲ್ಲಿರಬೇಕು ಎಂಬುದು ಆಸ್ಪತ್ರೆ ಕಲಿಸಿದ ಸಂಗತಿ. ಕಟ್ಟಡದ ವಿಷಯದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಯಾರೂ ಹಿಡಿದು ಹೋಗಲಿಲ್ಲ ಎಂಬುದೇ ನನ್ನ ತಕರಾರು.

ಆಮೇಲೆ ಬಂದದ್ದು ಯೋಜನೆಗಳ ಸುಗ್ಗಿ: 2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಕೌಶಲ್ ವಿಕಾಸ್, 2022ರಲ್ಲಿ ತಮಿಳುನಾಡಿನ ನಾನ್ ಮುದಲ್ವನ್. ಪ್ರಮಾಣಪತ್ರ ಎಣಿಸುವುದು ಸುಲಭ, ಒಂದು ವರ್ಷದ ನಂತರವೂ ಕರಣೆ ಹಿಡಿದವರನ್ನು ಎಣಿಸುವುದು ಕಷ್ಟ. ಇಂಥ ಯೋಜನೆಗಳಲ್ಲಿ ಸುಲಭದ ಎಣಿಕೆಯೇ ಗೆಲ್ಲುತ್ತದೆ. ತರಬೇತಿಗೆಂದು ಕೊಯಮತ್ತೂರಿನ ಹಾಸ್ಟೆಲಿಗೆ ಹೋದ ಕಾಡಿನ ಹುಡುಗ ಹಬ್ಬಕ್ಕೆ ಊರಿಗೆ ಬಂದವನು ಮರಳದಿದ್ದರೆ ಆಶ್ಚರ್ಯವೇನು? 2016ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಜೊತೆ ಬಂದ ಮೇಸ್ತ್ರಿ ತರಬೇತಿ ಮಾತ್ರ ಸ್ವಲ್ಪ ಬೇರೆ: 45 ದಿನ, ಫಲಾನುಭವಿಯ ನಿಜವಾದ ಮನೆಯ ಪಾಯದಿಂದಲೇ ಕಲಿಕೆ.

ಬೆಟ್ಟಕ್ಕೆ ಅದರದೇ ಪಠ್ಯ ಬೇಕು ಎಂಬುದು ಮಳೆ ಹೇಳಿಕೊಟ್ಟ ಮಾತು. 2009ರ ನವೆಂಬರಿನ ಭೂಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್ 8ರಂದು ಅವಲಾಂಚಿಯಲ್ಲಿ ಒಂದೇ ದಿನ 820 ಮಿಲಿಮೀಟರ್ ಸುರಿಯಿತು. ಇಳಿಜಾರಿನಲ್ಲಿ ಮಣ್ಣು ಕಡಿಯುವುದೆಷ್ಟು, ತಡೆಗೋಡೆಯ ಹಿಂದೆ ಜಲ್ಲಿ ತುಂಬುವುದು ಹೇಗೆ, ನೀರು ಬಸಿಯಲು ತೂತು ಎಲ್ಲಿ ಬಿಡಬೇಕು: ಇವು ಬಯಲಿನ ಕೋರ್ಸಿನಲ್ಲಿ ಒಂದೆರಡು ಪುಟದ ವಿಷಯ, ಇಲ್ಲಿ ಜೀವದ ವಿಷಯ. ಎರಡು ಅಂತಸ್ತು ಮೀರಿದ ಕೆಲಸ ಇಲ್ಲಿ ಹೇಗೂ ಕಡಿಮೆ, ಬೆಟ್ಟದ ನಿಯಮ 7 ಮೀಟರಿಗಿಂತ ಎತ್ತರ ಬಿಡುವುದಿಲ್ಲ.

ಕೈಕಸುಬು ಈಗಲೂ ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿ ಕಟ್ಟಡದಲ್ಲಿಲ್ಲ, ಆನೆಯಲ್ಲಿದೆ. ಗೂಡಲೂರಿನ ರಿಯಲ್ ಎಲಿಫೆಂಟ್ ಕಲೆಕ್ಟಿವ್‌ನ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಿಗರು ಕಾಡನ್ನು ನುಂಗುತ್ತಿರುವ ಲಂಟಾನದಿಂದ ಆಳೆತ್ತರ ಮೀರಿದ ಆನೆಗಳನ್ನು ಕಟ್ಟುತ್ತಾರೆ. ಕಂಬಿ ಬಗ್ಗಿಸಿ ಚೌಕಟ್ಟು ಮಾಡುವುದು, ಬೆಸುಗೆ, ಅಳತೆ ಎಲ್ಲವೂ ಅದರಲ್ಲಿವೆ. ಆ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಅಮೆರಿಕದಲ್ಲಿ ನಿಂತವು. ಕಂಬಿಯ ಆನೆ ಕಟ್ಟುವ ಕೈಗೆ ಕಂಬಿಯ ಚಾವಣಿ ಕಷ್ಟವೇ?

ಕಟ್ಟಡದ್ದೇ ಮಾದರಿ ಬೇಕೆಂದರೆ ದೂರ ಹೋಗಬೇಕು. ನ್ಯೂಯಾರ್ಕಿನ ಪೂರ್ವ ಹಾರ್ಲೆಮಿನಲ್ಲಿ ಡೊರೊತಿ ಸ್ಟೋನ್‌ಮನ್ 1978ರಲ್ಲಿ ಹದಿಹರೆಯದವರ ಜೊತೆ ಪಾಳುಬಿದ್ದ ಕಟ್ಟಡವನ್ನು ದುರಸ್ತಿ ಮಾಡಲು ಶುರುಮಾಡಿದ್ದೇ ಮುಂದೆ ಯೂತ್‌ಬಿಲ್ಡ್ ಆಯಿತು. ಶಾಲೆ ಬಿಟ್ಟವರಿಗೆ ಅಲ್ಲಿ ಅರ್ಧ ಸಮಯ ಪಾಠ, ಅರ್ಧ ಸಮಯ ತಮ್ಮ ಬಡಾವಣೆಯ ಬಡವರಿಗೆ ಮನೆ ಕಟ್ಟುವ ಕೆಲಸ.

ನೀಲಗಿರಿಯಲ್ಲಿ ಈಚೆಗೆ ಅಂಥದ್ದಕ್ಕೆ ಎಡೆ ಸಿಕ್ಕಿತ್ತು. 2023ರ ನವೆಂಬರ್ 15ರಂದು ಶುರುವಾದ ಪಿಎಂ-ಜನ್‌ಮನ್ ಎಂಬ ಕೇಂದ್ರದ ಯೋಜನೆ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಈ ಆರೂ ಸಮುದಾಯಗಳಿಗೆ ಮನೆ ಕೊಡಲು ಮುಂದಾಯಿತು; ಕೂಲಿ, ಶೌಚಾಲಯ ಸೇರಿ ಮನೆಯೊಂದಕ್ಕೆ 2.39 ಲಕ್ಷ ರೂಪಾಯಿ. ಕಂತ್ರಾಟುದಾರ ಹೊರಗಿನಿಂದ ಆಳು ತಂದು ಕಟ್ಟಿದರೆ ಹಣ ಹಾಡಿಯಿಂದ ಆಚೆ ಹೋಗುತ್ತದೆ. ಅರ್ಧಕ್ಕೆ ನಿಂತ ಮನೆಗಳ ದೂರು ಇಲ್ಲಿ ಹಳೆಯದು. ಅದೇ ಹಾಡಿಯ ಇಬ್ಬರು ಹುಡುಗರನ್ನು ಮೇಸ್ತ್ರಿಯ ಜೊತೆ ಪಾಯದಿಂದ ಚಾವಣಿಯವರೆಗೆ ನಿಲ್ಲಿಸುವುದಕ್ಕೆ ಅಡ್ಡಿ ಹಣವಲ್ಲ, ವಯಸ್ಸು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18 ತುಂಬಿರಬೇಕು, ಹಿಂದಿನ ವರ್ಷ 90 ದಿನ ದುಡಿದಿರಬೇಕು. ಕೌಶಲ್ಯ ಯೋಜನೆಗಳು 15ಕ್ಕೇ ಬಾಗಿಲು ತೆರೆಯುತ್ತವೆ. ನಡುವಿನ ಮೂರು ವರ್ಷ ಹುಡುಗ ಯಾವ ಲೆಕ್ಕದಲ್ಲೂ ಇಲ್ಲದೆ ಬಾಂಡ್ಲಿ ಹೊರುತ್ತಾನೆ. ಆ ಮೂರು ವರ್ಷಕ್ಕೆ ಸಂಬಳ, ವಿಮೆ, ಸಂಜೆಯ ಪಾಠ ಮೂರನ್ನೂ ಸೇರಿಸಿದ ಕಲಿಕೆಯನ್ನು ಜಿಲ್ಲಾಡಳಿತ ಜನ್‌ಮನ್ ಮನೆಗಳ ಜೊತೆಗೇ ಜೋಡಿಸಬಹುದಿತ್ತು. ಆ ಯೋಜನೆಗೆ ಗೊತ್ತುಪಡಿಸಿದ್ದ ಅವಧಿ 2023–24ರಿಂದ 2025–26.